ಬಸು, ನಿಮ್ಮವ್ವನ ಶಾವಿಗೆ ನೆನಪಾಯಿತು

ಪ್ರೀತಿಯ ಬಸು,

ಸ್ವೀಡನ್ನಿನ ಲೂಲಿಯೋ ಊರಿಂದ ಬರೆಯುತ್ತಿದ್ದೇನೆ. ಮಾರ್ಚ್ ತಿಂಗಳು. ನೀವೆಲ್ಲ ಆಗಲೇ ಮಾಳಿಗೆ ಮೇಲೆ ಮಲಗಲು ಶುರು ಮಾಡಿರುತ್ತೀರಿ. ಇಲ್ಲಿ ಸಮುದ್ರವೇ ಹೆಪ್ಪುಗಟ್ಟಿದೆ. ಜನ ಮಕ್ಕಳನ್ನು ಕರಕೊಂಡು ಅದರ ಮೇಲೆ ವಾಕಿಂಗ್ ಹೋಗುತ್ತಾರೆ. ನಾನೂ ಹತ್ತು ಹೆಜ್ಜೆ ಹೋಗಿ ತಿರುಗಿ ಬಂದೆ. ಡ್ಯಾಮಿನ ಹಿನ್ನೀರಲ್ಲಿ ಅವತ್ತು ಆದದ್ದು ನಿನಗೂ ನೆನಪಿರಬೇಕು. ಅದನ್ನು ಇಲ್ಲಿ ಬರೆಯುವುದಿಲ್ಲ, ನಾಲ್ಕು ಜನ ಓದುತ್ತಾರೆ.

ಇದು ನನ್ನ ಮೂರನೇ ಭೇಟಿ. ನಮ್ಮ ಹುಬ್ಬಳ್ಳಿ ಕಂಪನಿಯ ವಾಲ್ವುಗಳನ್ನು ಇಲ್ಲಿನ ಒಬ್ಬ ಪೈಪಿಂಗ್ ಕಾಂಟ್ರಾಕ್ಟರ್‌ಗೆ ತೋರಿಸುವ ಕೆಲಸ. ಹಿಂದಿನ ಎರಡು ಸಲ ಡ್ರಾಯಿಂಗು, ಲೀಕ್ ಟೆಸ್ಟು ಅನ್ನುವುದರಲ್ಲೇ ದಿನ ಮುಗಿದವು. ನೀರು, ಗಾಳಿ ಎರಡನ್ನೂ ತಡೆಯುವ ಸೀಲಿನಲ್ಲೂ ಹೈಡ್ರೋಜನ್ ನುಸುಳಿಬಿಡುತ್ತದೆ. ಅಷ್ಟು ಸಣ್ಣದು ಅದು. ಈ ಸಲ ಒಂದು ಮಧ್ಯಾಹ್ನ ಪೂರ್ತಿ, ಹೈಡ್ರೋಜನ್ನಿನಿಂದ ಕಬ್ಬಿಣ ತೆಗೆಯುವ ಪ್ಲಾಂಟ್ ನೋಡಲು ಸಿಕ್ಕಿತು.

ಹೈಬ್ರಿಟ್ ಅಂತ ಹೆಸರು. ಉಕ್ಕಿನ ಎಸ್‌ಎಸ್‌ಎಬಿ, ಗಣಿಯ ಎಲ್‌ಕೆಎಬಿ, ಕರೆಂಟಿನ ವಾಟೆನ್‌ಫಾಲ್, ಮೂರೂ ಸೇರಿ ಕಟ್ಟಿದ್ದು. 2020ರ ಆಗಸ್ಟಿನಲ್ಲಿ ಶುರು ಮಾಡಿದರು. 2021ರಲ್ಲಿ ಕಲ್ಲಿದ್ದಲು ಮುಟ್ಟದೆ, ಹೈಡ್ರೋಜನ್ನಿನಿಂದಲೇ ಸ್ಪಾಂಜ್ ಐರನ್, ಅಂದರೆ ಅದಿರನ್ನು ಕರಗಿಸದೆ ತೆಗೆಯುವ ತೂತು ತೂತಾದ ಕಬ್ಬಿಣ, ತೆಗೆದರು. ಹೌದು ಬಸು, ಸ್ಪಾಂಜ್ ಐರನ್! ನಮ್ಮ ಬಳ್ಳಾರಿ, ಕೊಪ್ಪಳದ ಕಡೆ ಹೆಸರು ಕೇಳಿದರೆ ಜನ ಮೂಗು ಮುಚ್ಚಿಕೊಳ್ಳುತ್ತಾರಲ್ಲ, ಅದೇ.

ಅದಿರು ಅಂದರೆ ಕಬ್ಬಿಣವನ್ನು ಆಕ್ಸಿಜನ್ ಬಿಗಿಯಾಗಿ ಹಿಡಿದುಕೊಂಡಿರುವುದು. ಅದನ್ನು ಬಿಡಿಸುವುದಕ್ಕೆ ನಾವು ಕಲ್ಲಿದ್ದಲು ಹಾಕುತ್ತೇವೆ. ಕಿಲ್ನ್ ಅನ್ನುವ ಉದ್ದನೆಯ ಕುಲುಮೆ ಮೆಲ್ಲಗೆ ಉರುಳುತ್ತಿರುತ್ತದೆ, ಒಳಗೆ ಸಾವಿರ ಡಿಗ್ರಿ ಆಸುಪಾಸು, ಹಿಂದಿನಿಂದ ಹೊಗೆ, ಬೂದಿ, ಮಸಿ. ಇಲ್ಲಿ ನೆಟ್ಟಗೆ ನಿಂತ ಶಾಫ್ಟ್ ಕುಲುಮೆ. ಮೇಲಿಂದ ಪೆಲೆಟ್, ಅಂದರೆ ಅದಿರಿನ ಸಣ್ಣ ಉಂಡೆ, ಇಳಿಯುತ್ತದೆ, ಕೆಳಗಿನಿಂದ ಬಿಸಿ ಹೈಡ್ರೋಜನ್ ಏರುತ್ತದೆ. ಆಕ್ಸಿಜನ್ ಅದರ ಜೊತೆ ಸೇರಿ ನೀರಾಗುತ್ತದೆ. ನೀರು, ಅಷ್ಟೇ. ಆ ಹೈಡ್ರೋಜನ್ ಮಾಡುವುದೂ ನೀರನ್ನು ಕರೆಂಟಿನಿಂದ ಒಡೆದು. ಮಾಡಿದ್ದನ್ನು ನೆಲದಿಂದ ಸುಮಾರು 30 ಮೀಟರ್ ಕೆಳಗೆ, ಬಂಡೆಯಲ್ಲಿ ಕೊರೆದ ಗುಹೆಯಲ್ಲಿ ತುಂಬಿಡುವುದನ್ನೂ 2022ರಿಂದ ಮಾಡಿ ನೋಡಿದ್ದಾರೆ. ಗುಹೆಗೆ ಒಳಗಡೆ ಉಕ್ಕಿನ ಹೊದಿಕೆ. ಕರೆಂಟ್ ಅಗ್ಗ ಇರುವಾಗ ತುಂಬಿಸಿ, ದುಬಾರಿ ಆದಾಗ ತೆಗೆಯುವ ಲೆಕ್ಕ.

ಎಂಜಿನಿಯರ್ ಹುಡುಗಿ ನನ್ನ ಅಂಗೈಗೆ ಒಂದು ಪೆಲೆಟ್ ಹಾಕಿದಳು. ನೆಲ್ಲಿಕಾಯಿಗಿಂತ ಸಣ್ಣದು. ಬೂದು ಬಣ್ಣ, ಮೈತುಂಬ ಕಣ್ಣಿಗೆ ಕಾಣದಷ್ಟು ಸಣ್ಣ ತೂತು, ಅಂದುಕೊಂಡದ್ದಕ್ಕಿಂತ ಹಗುರ. ಬೆರಳಿಗೆ ಬೂದು ಪುಡಿ ಅಂಟಿತು. ಊರಲ್ಲಿ ನಾನು ಮೊದಲಿದ್ದ ಸ್ಪಾಂಜ್ ಐರನ್ ಕಾರ್ಖಾನೆಯಲ್ಲಿ, ಬಿಸಿ ಮಾಲು ತಣಿಸುವ ಕೂಲರಿನಿಂದ ಬೀಳುತ್ತಿದ್ದ ಕಬ್ಬಿಣದ ನೆನಪು ತಂದಿತು.

ಇದು ಇನ್ನೂ ಚಿಕ್ಕ ಪ್ಲಾಂಟ್, ಗಂಟೆಗೆ ಒಂದು ಟನ್ ಲೆಕ್ಕ. ಪಕ್ಕದಲ್ಲೇ ಕಲ್ಲಿದ್ದಲಿನಿಂದ ಕಬ್ಬಿಣ ತೆಗೆಯುವ ಹಳೇ ಬ್ಲಾಸ್ಟ್ ಫರ್ನೇಸ್ ಇದೆ. ಇವರಿಗೆ ಲೂಲೆ ನದಿಯ ಕರೆಂಟ್ ಇದೆ, ನಮ್ಮ ದೇಶದ ಕರೆಂಟಿನಲ್ಲಿ ಅರ್ಧಕ್ಕಿಂತ ಜಾಸ್ತಿ ಕಲ್ಲಿದ್ದಲಿನದು. ನಾಳೆಯೇ ನಮ್ಮೂರಿಗೆ ಇದು ಬಂದುಬಿಡುತ್ತದೆ ಅಂತ ನಾನು ಹೇಳುವುದಿಲ್ಲ. ಆದರೂ ನೋಡಿ ಮನಸ್ಸು ತುಂಬಿತು.

ಸಂಜೆ ಹೋಟೆಲಿಗೆ ಬಂದು ಕಿಟಕಿ ತೆಗೆದೆ. ಕಟ್ಟೆಯ ಮೇಲೆ ಬೆರಳು ಎಳೆದು ನೋಡಿದೆ. ಯಾಕೆ ಅಂತ ನಿನಗೆ ಗೊತ್ತಲ್ವಾ, ನಮ್ಮ ಮನೆಗಳಲ್ಲಿ ಎಲ್ಲರೂ ಮಾಡುವುದೇ ಅದು. ಬೆರಳು ಒದ್ದೆಯಾಯಿತು. ಆಗ ನಿಮ್ಮವ್ವ ನೆನಪಾದರು.

ನಾನು ಆ ಕಾರ್ಖಾನೆಯಲ್ಲಿ ಶಿಫ್ಟ್ ಇನ್‌ಚಾರ್ಜ್ ಇದ್ದ ವರ್ಷ. ಮಾಳಿಗೆ ಮೇಲೆ ಕೋಲಿಗೆ ಹಾಕಿದ ಶಾವಿಗೆ ರಾತ್ರಿ ಹೊರಗೇ ಇತ್ತು. ನಾನು ನೈಟ್ ಶಿಫ್ಟ್ ಮುಗಿಸಿ ನಿನ್ನ ಬೈಕ್ ವಾಪಸ್ ಕೊಡಲು ಬಂದಿದ್ದೆ. "ಇದೇನೋ ತಮ್ಮಾ, ಕರಿ ಎಳ್ಳು ಉದುರಿಸಿದಂಗ ಆಗೈತಿ?" ಅಂತ ನಿಮ್ಮವ್ವ ಕೇಳಿದರು. ನಾನು "ಲಾರಿ ಧೂಳು ಅವ್ವಾ" ಅಂದೆ.

ಲಾರಿ ಧೂಳಲ್ಲ ಬಸು. ಚಿಮಣಿಗೆ ಇಎಸ್‌ಪಿ ಇತ್ತು. ಹೊಗೆಯ ಧೂಳನ್ನೆಲ್ಲ ಕರೆಂಟಿನಿಂದ ಎಳೆದು ಹಿಡಿಯುವ ಮಶೀನು, ಚೆನ್ನಾಗೇ ಇತ್ತು. ಕರೆಂಟ್ ಬಿಲ್ ಉಳಿಸಲು ರಾತ್ರಿ ಅದನ್ನು ಆಫ್ ಮಾಡಿಸುತ್ತಿದ್ದರು. ಕತ್ತಲಲ್ಲಿ ಹೊಗೆ ಯಾರಿಗೂ ಕಾಣುವುದಿಲ್ಲ. ಹಾಗೆ ಮಾಡು ಅಂತ ಹೇಳಿದವರು ಮೇಲಿನವರು, ನಿಜ. ಆದರೆ ನನ್ನ ಶಿಫ್ಟಿನಲ್ಲಿ ಸ್ವಿಚ್ ಒತ್ತಿದ ಕೈ ನನ್ನದು. ಹನ್ನೊಂದಕ್ಕೆ ಆಫ್, ಬೆಳಗಿನ ಜಾವ ಐದಕ್ಕೆ ಆನ್. ಎಷ್ಟು ರಾತ್ರಿ ಅಂತ ಎಣಿಸಿಲ್ಲ. ನಮ್ಮ ಶಾವಿಗೆ ಬಿಳಿಯಾಗಿ ಉಳಿಯುವುದಕ್ಕೆ ಹೈಡ್ರೋಜನ್ ಬೇಕಿರಲಿಲ್ಲ. ಆ ಒಂದು ಸ್ವಿಚ್ ಸಾಕಿತ್ತು.

ನಿಮ್ಮವ್ವ ಒದ್ದೆ ಬಟ್ಟೆ ತಂದು ಒಂದೊಂದೇ ಎಳೆ ಒರೆಸಿದರು. ಅದರಲ್ಲೇ ನನಗೂ ಒಂದು ಡಬ್ಬಿ ತುಂಬಿ ಕೊಟ್ಟರು. ನಾನು ತಗೊಂಡು ಹೋದೆ.

ಇಷ್ಟೆಲ್ಲ ಬರೆಯಬೇಕು ಅಂತ ಕೂತಿರಲಿಲ್ಲ. ಸಮುದ್ರದ ಫೋಟೋ ಹಾಕಿ ನಿನ್ನ ಹೊಟ್ಟೆ ಉರಿಸೋಣ ಅಂತ ಶುರು ಮಾಡಿದ್ದು. ಅವ್ವನಿಗೆ ಇದನ್ನು ನೀನು ಓದಿ ಹೇಳಬೇಡ, ಯುಗಾದಿಗೆ ಬಂದು ನಾನೇ ಹೇಳುತ್ತೇನೆ. ಇಲ್ಲಿ ಹಿಮದ ನಾಡಿನ ಹಳದಿ ಹಣ್ಣಿನ ಜಾಮ್ ಸಿಗುತ್ತದೆ, ಎರಡು ಬಾಟಲಿ ತಗೊಂಡಿದ್ದೇನೆ. ಒಂದು ಅವ್ವನಿಗೆ, ಇನ್ನೊಂದು ನಿನ್ನ ಮಗಳಿಗೆ. ನಿನಗಿಲ್ಲ. ಯಾಕೆ ಅಂತ ಗಂಗಾವತಿ ಬಸ್‌ಸ್ಟ್ಯಾಂಡನ್ನು ಕೇಳು.

ನಿನ್ನ,
ಸಿದ್ದು