ವಾಗ್ದಂಡನೆ ಎಂದರೆ ಪದಚ್ಯುತಿಯಲ್ಲ

ಮಾನ್ಯ ಸಂಪಾದಕರೇ,

ನ್ಯಾಯಮೂರ್ತಿಗಳ ಪದಚ್ಯುತಿಯ ವರದಿಗಳಲ್ಲಿ ‘ವಾಗ್ದಂಡನೆ’ ಎಂಬ ಪದ ಬಳಕೆಯಾಗುತ್ತಿರುವುದು ಓದುಗರ ದಾರಿ ತಪ್ಪಿಸುತ್ತದೆ. ವಾಕ್ ಮತ್ತು ದಂಡನೆ ಸೇರಿ ಆದ ಈ ಪದದ ಅರ್ಥ ಮಾತಿನಿಂದಲೇ ಕೊಡುವ ಶಿಕ್ಷೆ. ವಾಗ್ದಂಡ, ಧಿಗ್ದಂಡ (ಧಿಕ್ಕಾರ), ಧನದಂಡ, ವಧದಂಡ ಎಂಬ ಧರ್ಮಶಾಸ್ತ್ರದ ಕ್ರಮದಲ್ಲೂ ಅದು ಮೊದಲ, ಅತಿ ಹಗುರ ಮೆಟ್ಟಿಲು.

ರಾಜ್ಯ ಸರ್ಕಾರಿ ನೌಕರರ 1957ರ ಶಿಸ್ತು ನಿಯಮಗಳಲ್ಲೂ ವಾಗ್ದಂಡನೆ ಲಘು ದಂಡನೆಯೇ. ಹಾಸನದ ಯಾವುದೇ ಕಚೇರಿಯ ಗುಮಾಸ್ತರಿಗೆ ಅದನ್ನು ವಿಧಿಸಿದರೆ ಸೇವಾ ಪುಸ್ತಕದಲ್ಲಿ ಒಂದು ಸಾಲು ಏರುತ್ತದೆ; ಮರುದಿನ ಅವರು ಅದೇ ಮೇಜಿನ ಮುಂದೆ ಕೂತಿರುತ್ತಾರೆ. ಪತ್ರಿಕೆಯಲ್ಲಿ ಮಾತ್ರ ಅದೇ ಪದಕ್ಕೆ ಹುದ್ದೆಯೇ ಹೋಗುತ್ತದೆ!

ಸಂವಿಧಾನದ 124(4)ನೇ ವಿಧಿ ಹೇಳುವುದು ಮಾತಿನ ಶಿಕ್ಷೆಯನ್ನಲ್ಲ. ಸಂಸತ್ತಿನ ಪ್ರತಿ ಸದನದ ಒಟ್ಟು ಸದಸ್ಯರ ಬಹುಮತ, ಜತೆಗೆ ಹಾಜರಿದ್ದು ಮತ ಹಾಕಿದವರ ಮೂರನೇ ಎರಡರಷ್ಟು ಬೆಂಬಲ, ನಂತರ ರಾಷ್ಟ್ರಪತಿಯ ಆದೇಶ: ಇಷ್ಟಾದರೆ ನ್ಯಾಯಮೂರ್ತಿ ಮನೆಗೆ. ಆದ್ದರಿಂದ ನ್ಯಾಯಮೂರ್ತಿಗಳಿಗೆ ‘ಪದಚ್ಯುತಿ ನಿರ್ಣಯ’, 61ನೇ ವಿಧಿಯಂತೆ ರಾಷ್ಟ್ರಪತಿಗೆ ‘ಮಹಾಭಿಯೋಗ’ (ಇಂಪೀಚ್‌ಮೆಂಟ್) ಎಂದು ಬರೆದು, ವಾಗ್ದಂಡನೆಯನ್ನು ಛೀಮಾರಿಯ ನೆರೆಯಲ್ಲೇ ಉಳಿಸಬಹುದು.

– ಓದುಗ, ಹಾಸನ