ಗೇಟಿನ ಹತ್ತಿರ ಸಹಿ ಹಾಕಬೇಡಿ

ಮಾನ್ಯ ಸಂಪಾದಕರೇ,

ನಮ್ಮೂರಿನ ಒಂದು ವೃದ್ಧಾಶ್ರಮದ ಸಂಘದಲ್ಲಿ ನಾನು 6 ವರ್ಷ ಖಜಾಂಚಿಯಾಗಿದ್ದೆ. ಲೆಟರ್‌ಹೆಡ್ಡಿನಲ್ಲಿ ಸಮಿತಿಯ 15 ಹೆಸರು. ಡಾಕ್ಟರು, ವಕೀಲರು, ನಿವೃತ್ತ ಅಧಿಕಾರಿಗಳು. ಸಭೆಗೆ ಬರುತ್ತಿದ್ದವರು ನಾಲ್ಕೇ ಜನ. ಕೋರಂ, ಅಂದರೆ ಸಭೆಗೆ ಬೇಕಾದ ಕನಿಷ್ಠ ಹಾಜರಿ, ಆಗದಿದ್ದರೆ ಆಫೀಸಿನ ಹುಡುಗ ನಡಾವಳಿ ಪುಸ್ತಕವನ್ನು ಚೀಲದಲ್ಲಿಟ್ಟುಕೊಂಡು ಬೈಕಿನಲ್ಲಿ ಮನೆಮನೆಗೆ ಹೋಗುತ್ತಿದ್ದ, ಸಭೆಗೆ ಬಾರದವರು ಗೇಟಿನ ಹತ್ತಿರವೇ ನಿಂತು, ಏನು ಬರೆದಿದೆ ಅಂತ ಓದದೆ, ಹುಡುಗ ಬೆರಳಿಟ್ಟ ಜಾಗದಲ್ಲಿ ಸಹಿ ಹಾಕಿ ಒಳಗೆ ಹೋಗುತ್ತಿದ್ದರು. ದಿನಸಿ ಅಂಗಡಿಯ ಬಾಕಿ ಬೆಳೆಯುತ್ತಿದೆ ಅಂತ ನಾನು ಪ್ರತಿ ತಿಂಗಳ ಲೆಕ್ಕದಲ್ಲೂ ಬರೆದಿದ್ದೆ. ಅಂಗಡಿಯವರು ಇನ್ನು ಅಕ್ಕಿ ಕೊಡಲ್ಲ ಅಂದ ದಿನ ಎಲ್ಲರೂ ಗಾಬರಿಯಾದರು.

ಅವರು ಕೆಟ್ಟವರಲ್ಲ. ಅದೇ ಡಾಕ್ಟರು ರಾತ್ರಿ 11ಕ್ಕೆ ಫೋನ್ ಮಾಡಿದರೂ ಓಡಿ ಬರುತ್ತಿದ್ದರು. ಅವರನ್ನು ಕೂರಿಸಿದ್ದ ಜಾಗ ತಪ್ಪು, ಅಷ್ಟೇ. ಕೊನೆಗೆ ಸರ್ವಸದಸ್ಯರ ಸಭೆ ಕರೆದು ಬೈಲಾ, ಅಂದರೆ ಸಂಘದ ನಿಯಮಾವಳಿ, ತಿದ್ದಿದೆವು. ಸಮಯ ಕೊಡಬಲ್ಲ 7 ಜನರ ಕಾರ್ಯಕಾರಿ ಸಮಿತಿ ಮಾಡಿದೆವು. ಉಳಿದ ಹಿರಿಯರದ್ದು ಸಲಹಾ ಸಮಿತಿ. ಅವರಿಗೆ ಮತವಿಲ್ಲ, ಚೆಕ್ಕಿಗೆ ಸಹಿಯಿಲ್ಲ, ಆದರೆ ಬಾಡಿಗೆ ಕರಾರು ವಕೀಲರು ನೋಡದೆ ಮುಂದೆ ಹೋಗಲ್ಲ. ಅವರಿಗೂ ಇದೇ ಹಗುರ ಅನಿಸಿತು. ಮುಂದಿನ ವರ್ಷದೊಳಗೆ ಅಂಗಡಿಯ ಬಾಕಿ ತೀರಿತು.

ಸಂಸ್ಥೆ ಯಾವ ಬಗೆಯದು ಅನ್ನೋದರ ಮೇಲೂ ತುಂಬಾ ನಿಂತಿದೆ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಸಂಘ ಕಟ್ಟಲು ಕನಿಷ್ಠ 7 ಜನ ಬೇಕು, ವರ್ಷಕ್ಕೊಮ್ಮೆ ಸದಸ್ಯರ ಮುಂದೆ ಲೆಕ್ಕ ಇಡಬೇಕು. 1890ರಲ್ಲಿ ಶುರುವಾದ ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘದಲ್ಲಾಗಲಿ, 1915ರ ಕನ್ನಡ ಸಾಹಿತ್ಯ ಪರಿಷತ್ತಿನಲ್ಲಾಗಲಿ ಅಧ್ಯಕ್ಷರಾಗಬೇಕಾದವರು ಮತ ಕೇಳಲು ಸದಸ್ಯರ ಹತ್ತಿರ ಬರಲೇಬೇಕು. ಟ್ರಸ್ಟ್‌ನಲ್ಲಿ ಸಾಮಾನ್ಯವಾಗಿ ಹಾಗಿಲ್ಲ. ಟ್ರಸ್ಟ್ ಪತ್ರದಲ್ಲಿ ಬರೆದಂತೆ ನಡೆಯುತ್ತದೆ, ಎಷ್ಟೋ ಕಡೆ ಟ್ರಸ್ಟಿಗಳು ಜೀವನಪೂರ್ತಿ ಇರುತ್ತಾರೆ. ಅಣ್ಣ, ತಮ್ಮ, ಅತ್ತಿಗೆ ಮೂವರೇ ಟ್ರಸ್ಟಿಗಳಾದರೆ ಕಷ್ಟದ ಪ್ರಶ್ನೆ ಕೇಳುವವರು ಯಾರು? ಹೊರಗಿನವರು ಒಬ್ಬರಾದರೂ ಇರಲೇಬೇಕು ಅಂತ ನಾನು ಹೇಳುತ್ತೇನೆ.

ಇನ್ನೊಂದು ಮಾತು. ಸಂಬಳದ ಸಿಬ್ಬಂದಿ ಇಲ್ಲದ ಸಣ್ಣ ಸಂಸ್ಥೆಯಲ್ಲಿ ಸಮಿತಿಯವರೇ ರಸೀದಿ ಬರೆಯಬೇಕು, ಕುರ್ಚಿ ಹಾಕಬೇಕು. ಮ್ಯಾನೇಜರ್ ಇರುವ ದೊಡ್ಡ ಸಂಸ್ಥೆಯಲ್ಲಿ ಅದೇ ಸಮಿತಿ ಅಡುಗೆಮನೆಗೆ ಹೋಗಿ ಇವತ್ತು ಸಾರು ಯಾಕೆ ಹೀಗಿದೆ ಅಂತ ಕೇಳಬಾರದು. ಬಜೆಟ್ ಕೇಳಲಿ, ಆಡಿಟ್ ವರದಿ ಓದಲಿ.

ವಾರ್ಷಿಕ ಸಭೆಗಳು ಹತ್ತಿರ ಬರುತ್ತಿವೆ. ನೀವು ಯಾವುದಾದರೂ ಸಂಘದ ಸದಸ್ಯರಾಗಿದ್ದರೆ ಸುಮ್ನೆ ಊಟ ಮಾಡಿ ಬರಬೇಡಿ. ನಡಾವಳಿ ಪುಸ್ತಕ ತೋರಿಸಿ ಅನ್ನಿ. ಹಿಂದಿನ ಸಭೆಗೆ ನಿಜವಾಗಿ ಎಷ್ಟು ಜನ ಬಂದಿದ್ದರು ಅಂತ ಕೇಳಿ.

– ಮಾಜಿ ಖಜಾಂಚಿ, ಹಾಸನ