ಭಾನುವಾರದ ಹರಟೆ: ಫ್ಯೊದರೋವ್ ಮತ್ತು 230

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಬೆಳಗ್ಗೆ 10ಕ್ಕೆ ರಷ್ಯಾದ ಹರಳು ವಿಜ್ಞಾನಿ ಯೆವ್‌ಗ್ರಾಫ್ ಫ್ಯೊದರೋವ್ ಬಗ್ಗೆ ಮಾತಾಡೋಣ.

ಹುಟ್ಟಿದ್ದು 1853ರಲ್ಲಿ, ಒರೆನ್‌ಬರ್ಗ್‌ನಲ್ಲಿ. ಮೊದಲ ದೊಡ್ಡ ಪುಸ್ತಕ ಶುರು ಮಾಡಿದಾಗ ಬರೀ 16 ವರ್ಷ. ಅದು ಅಚ್ಚಾಗಿದ್ದು 1885ರಲ್ಲಿ!

ಹರಳಿನೊಳಗೆ ಒಂದೇ ವಿನ್ಯಾಸ ಎಲ್ಲ ದಿಕ್ಕಿಗೂ ಮರುಕಳಿಸುತ್ತಾ ಹೋಗುತ್ತದೆ. ಹಾಗೆ ಮರುಕಳಿಸಲು ಇರುವ ಬಗೆಗಳು 230 ಮಾತ್ರ, ಅದಕ್ಕಿಂತ ಜಾಸ್ತಿ ಇಲ್ಲ ಎಂದು 1891ರಲ್ಲಿ ತೋರಿಸಿದರು. ಜರ್ಮನಿಯ ಗಣಿತಜ್ಞ ಶೋನ್‌ಫ್ಲೀಸ್ ಕೂಡ ಆಗ ಅದೇ ಲೆಕ್ಕದಲ್ಲಿ ಮುಳುಗಿದ್ದರು. ಇಬ್ಬರೂ ಕಾಗದ ಬರೆದುಕೊಂಡು ಪಟ್ಟಿಗಳನ್ನು ಹೋಲಿಸಿದರು, ತಪ್ಪು ತಿದ್ದಿಕೊಂಡರು. ನನಗಂತೂ ಇಡೀ ಕಥೆಯಲ್ಲಿ ಇದೇ ಇಷ್ಟ.

ಎಕ್ಸ್‌ರೇ ಹಾಯಿಸಿ ಹರಳಿನ ಒಳಗನ್ನು ತಿಳಿಯುವ ದಾರಿ ಸಿಕ್ಕಿದ್ದು 1912ರಲ್ಲಿ. ಅಂದ್ರೆ ಲೆಕ್ಕ ಮೊದಲೇ ಮುಗಿದಿತ್ತು, ಅಲ್ವಾ?

1905ರಲ್ಲಿ ಪೀಟರ್ಸ್‌ಬರ್ಗ್‌ನ ಗಣಿ ಸಂಸ್ಥೆಗೆ ಚುನಾಯಿತ ನಿರ್ದೇಶಕರಾದರು. 1919ರಲ್ಲಿ, ಊರೆಲ್ಲ ಹಸಿದಿದ್ದ ಕಾಲದಲ್ಲಿ, ನ್ಯುಮೋನಿಯಾದಿಂದ ತೀರಿಕೊಂಡರು.

ಬರುವಾಗ ಭೂತಗನ್ನಡಿ, ಒಂದು ಚಿಟಿಕೆ ಪುಡಿ ಉಪ್ಪು ತನ್ನಿ. ಕಪ್ಪು ಕಾಗದದ ಮೇಲೆ ಉದುರಿಸಿದರೆ ಪುಟ್ಟ ಪುಟ್ಟ ಘನಗಳು ಕಾಣುತ್ತವೆ. ಬರುವವರು ಶನಿವಾರದೊಳಗೆ ಇಲ್ಲೇ ಹೇಳಿಬಿಡಿ, ಚಹಾಕ್ಕೆ ಲೆಕ್ಕ ಬೇಕು.